ಬಲಗೈಯೊಳಗಿನ ಶೈಲಿ: ಇಮ್ಮಾರ್ಟಲ್ ತಂಡದ ‘ನಾರ್ದರ್ನ್ ಕೇಯಾಸ್ ಗಾಡ್ಸ್’

(ಸಂಗೀತಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಕೇಳಿಸಿದ ತುಣುಕುಗಳ ಜಾಗದಲ್ಲಿ ಇಲ್ಲಿ ವಿವರಣೆ ಸೇರಿಸಿದ್ದೇನೆ.)

ಸ್ನೇಹಿತರೇ,

ಇಂದು ನಾನು ಮಾತನಾಡಲಿರುವುದು ಒಂದೇ ಒಂದು ಆಲ್ಬಮ್ ಕುರಿತು. ನಾರ್ವೆಯ ಬರ್ಗೆನ್ ನಗರದ ಇಮ್ಮಾರ್ಟಲ್ ತಂಡ 2018ರ ಜುಲೈ 6ರಂದು ನ್ಯೂಕ್ಲಿಯರ್ ಬ್ಲಾಸ್ಟ್ ಸಂಸ್ಥೆಯ ಮೂಲಕ ಹೊರತಂದ ‘ನಾರ್ದರ್ನ್ ಕೇಯಾಸ್ ಗಾಡ್ಸ್’ ಆ ಆಲ್ಬಮ್. ಎಂಟು ಹಾಡುಗಳು, ಸುಮಾರು 42 ನಿಮಿಷಗಳ ಸಂಗೀತ. ಹೆವಿ ಮೆಟಲ್‌ನ ವೇಗದ, ಕರಾಳವಾದ ಕವಲಾದ ಬ್ಲ್ಯಾಕ್ ಮೆಟಲ್ ಎಂಬ ಪ್ರಕಾರದಲ್ಲಿ ಈ ಶತಮಾನದಲ್ಲಿ ಬಂದ ಸಾವಿರಾರು ಧ್ವನಿಮುದ್ರಿಕೆಗಳ ನಡುವೆ ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ತೊಂಬತ್ತರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ರೂಪುಗೊಂಡ ಶೈಲಿಯ ಜೀವ ಎಲ್ಲಿದೆ, ಯಾವುದನ್ನು ಕಳೆದರೂ ಅದು ಉಳಿಯುತ್ತದೆ, ಯಾವುದನ್ನು ಕಳೆದರೆ ಉಳಿಯುವುದಿಲ್ಲ ಎಂಬ ಪ್ರಶ್ನೆಗೆ ಈ ಆಲ್ಬಮ್ ಕೊಡುವಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆ ಶೈಲಿಯ ಬಗ್ಗೆ ಬಹಳ ಜನ ಹೇಳುವ ಮಾತೊಂದಿದೆ: ಹಳೆಯ ಬ್ಲ್ಯಾಕ್ ಮೆಟಲ್ ಎಂದರೆ ಕಳಪೆ ಧ್ವನಿಮುದ್ರಣ, ಗರಗರ ಎನ್ನುವ ಗಿಟಾರು, ಎಲ್ಲೋ ದೂರದಲ್ಲಿ ಬಡಿಯುವ ಡ್ರಮ್ಸ್, ಗೋಡೆಯಾಚೆಯಿಂದ ಬಂದಂತಿರುವ ಕಿರುಚು. ಈ ಮಾತು ಪೂರ್ತಿ ಸುಳ್ಳಲ್ಲ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಮನೆಯಲ್ಲಿಯೇ ನಾಲ್ಕು ಟ್ರ್ಯಾಕಿನ ಚಿಕ್ಕ ಯಂತ್ರದಲ್ಲಿ ಮುದ್ರಣಗೊಂಡಿತು. ಅದರ ಒರಟುತನ ಬೇಕೆಂದೇ ಉಳಿಸಿಕೊಂಡದ್ದು. ಅದನ್ನು ಕೇಳಿ ಬೆಳೆದ ಮುಂದಿನ ತಲೆಮಾರಿನ ಎಷ್ಟೋ ತಂಡಗಳು ಒರಟು ಧ್ವನಿಯೇ ಶೈಲಿ ಎಂದು ನಂಬಿದವು. ಇಮ್ಮಾರ್ಟಲ್ ತಂಡದ ಈ ಆಲ್ಬಮ್ ಶುದ್ಧವಾದ, ದಪ್ಪವಾದ, ಇಂದಿನ ಸ್ಟುಡಿಯೊ ಧ್ವನಿಯಲ್ಲಿದೆ. ಆದರೂ ಮೊದಲ ಹಾಡಿನ ಮೊದಲ ಕೆಲವು ಸೆಕೆಂಡುಗಳಲ್ಲಿಯೇ ಇದು 1993–95ರ ಕಾಲದ ಸಂಗೀತ ಎಂದು ಕಿವಿ ಗುರುತಿಸಿಬಿಡುತ್ತದೆ. ಅಂದಮೇಲೆ ಶೈಲಿ ಇರುವುದು ಮುದ್ರಣದ ಗುಣಮಟ್ಟದಲ್ಲಲ್ಲ, ಗಿಟಾರ್ ವಾದಕನ ಬಲಗೈಯಲ್ಲಿ. ಈ ಉಪನ್ಯಾಸದ ವಾದ ಇಷ್ಟೇ. ಇನ್ನುಳಿದ ಹೊತ್ತನ್ನು ಅದನ್ನು ವಿವರಿಸಲು ಬಳಸುತ್ತೇನೆ.

ಬೆಂಗಳೂರಿನಲ್ಲಿ ಹೆವಿ ಮೆಟಲ್ ಕೇಳುಗರಿಗೆ ಕೊರತೆಯಿಲ್ಲ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರಲ್ಲಿ ಅಲ್ಲಿಯೇ ಮೆಟಾಲಿಕಾ ನುಡಿಸಿದ್ದನ್ನು ಕೇಳಿದವರು ಈ ಸಭೆಯಲ್ಲಿಯೂ ಇದ್ದೀರಿ. ಆ ಸಂಗೀತದಿಂದಲೇ ಹೊರಟರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಮೆಟಾಲಿಕಾದಂತಹ ಥ್ರ್ಯಾಶ್ (ಹೆವಿ ಮೆಟಲ್‌ನ ವೇಗದ, ಬಿರುಸಾದ ಕವಲು) ತಂಡಗಳ ಗಿಟಾರ್ ವಾದಕ ಬಲ ಅಂಗೈಯ ಅಂಚನ್ನು ತಂತಿಗಳ ಮೇಲೆ, ಅವುಗಳನ್ನು ಬುಡದಲ್ಲಿ ಹೊರುವ ಬ್ರಿಡ್ಜಿನ ಬಳಿ, ಹಗುರವಾಗಿ ಒತ್ತಿ ಹಿಡಿದು ಮೀಟುತ್ತಾನೆ. ತಂತಿ ಪೂರ್ತಿ ಮಿಡಿಯುವುದಿಲ್ಲ. ‘ಧಗ್ ಧಗ್’ ಎಂಬ ಬಿಡಿಬಿಡಿ ಪೆಟ್ಟುಗಳು ಹುಟ್ಟುತ್ತವೆ, ತಲೆ ತಾನಾಗಿ ಅಲ್ಲಾಡುತ್ತದೆ. ನಾರ್ವೆಯ ಹುಡುಗರು ಆ ಅಂಗೈಯನ್ನು ತಂತಿಯಿಂದ ಎತ್ತಿದರು. ಎತ್ತಿದ ಕೈಯಿಂದ ಎರಡು ಮೂರು ತಂತಿಗಳನ್ನು ಒಟ್ಟಿಗೆ, ಮೇಲಕ್ಕೂ ಕೆಳಕ್ಕೂ, ಎಡೆಬಿಡದೆ ಮೀಟತೊಡಗಿದರು. ನಿಮಿಷಕ್ಕೆ 200 ಬಡಿತಗಳ ಲಯದಲ್ಲಿ ಒಂದು ಬಡಿತಕ್ಕೆ ನಾಲ್ಕು ಮೀಟುಗಳೆಂದು ಲೆಕ್ಕ ಹಾಕಿದರೆ ನಿಮಿಷಕ್ಕೆ 800 ಮೀಟು, ಅಂದರೆ ಸೆಕೆಂಡಿಗೆ ಹದಿಮೂರಕ್ಕಿಂತ ಹೆಚ್ಚು. ಆ ವೇಗದಲ್ಲಿ ಬಿಡಿ ಪೆಟ್ಟುಗಳು ಕೇಳಿಸುವುದಿಲ್ಲ. ತಂಬೂರಿಯ ನಾದದಂತೆ ಅವು ಒಂದರೊಳಗೊಂದು ಬೆರೆತು ಮಡುಗಟ್ಟಿ ನಿಲ್ಲುತ್ತವೆ. ಎಡಗೈ ಮಾತ್ರ ಅವಸರವಿಲ್ಲದೆ ಒಂದು ಸ್ವರದಿಂದ ಇನ್ನೊಂದಕ್ಕೆ ಸರಿಯುತ್ತದೆ. ಕೈಯ ವೇಗ ಅತಿಯಾದಷ್ಟೂ ರಾಗದ ನಡೆ ನಿಧಾನವಾದಂತೆ ಅನಿಸುತ್ತದೆ. ಈ ಸಂಗೀತದ ಮೋಡಿ ಇರುವುದೇ ಈ ವೈರುಧ್ಯದಲ್ಲಿ.

ಇದು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ನ್ಯೂಕಾಸಲ್‌ನ ವೆನಮ್ ತಂಡ 1982ರಲ್ಲಿ ತನ್ನ ಆಲ್ಬಮ್ಮಿಗೆ ‘ಬ್ಲ್ಯಾಕ್ ಮೆಟಲ್’ ಎಂದು ಹೆಸರಿಟ್ಟಿತು. ಪ್ರಕಾರಕ್ಕೆ ಹೆಸರು ಸಿಕ್ಕಿದ್ದು ಅಲ್ಲಿಂದ. ಧ್ವನಿ ಸಿಕ್ಕಿದ್ದು ಸ್ವೀಡನ್ನಿನಿಂದ. ಸ್ಟಾಕ್‌ಹೋಮ್‌ನ ಕ್ವಾರ್ಥನ್ ಎಂಬ ಯುವಕ ಬಾಥೋರಿ ಹೆಸರಿನಲ್ಲಿ 1984ರಿಂದ ಹೊರತಂದ ಆಲ್ಬಮ್ಮುಗಳಲ್ಲಿ, ಮುಖ್ಯವಾಗಿ 1987ರ ‘ಅಂಡರ್ ದ ಸೈನ್ ಆಫ್ ದ ಬ್ಲ್ಯಾಕ್ ಮಾರ್ಕ್’ನಲ್ಲಿ, ಕಿರುಚುಗಾಯನ, ನಿಲ್ಲದ ಡ್ರಮ್ಸ್, ಮಂಜಿನಂತೆ ಮುಸುಕಿದ ಗಿಟಾರು ಮೂರೂ ಒಂದಾದವು. ಅದೇ ಕ್ವಾರ್ಥನ್ 1988ರ ‘ಬ್ಲಡ್ ಫೈರ್ ಡೆತ್’ ಮತ್ತು 1990ರ ‘ಹ್ಯಾಮರ್‌ಹಾರ್ಟ್’ನಲ್ಲಿ ವೇಗವನ್ನು ತಗ್ಗಿಸಿ, ವೈಕಿಂಗ್ ಕಾಲದ ವೀರಗಾಥೆಯ ವಿಸ್ತಾರವನ್ನು ತಂದ. ಇಮ್ಮಾರ್ಟಲ್ ತಂಡದಲ್ಲಿ ಈ ಎರಡು ಬಾಥೋರಿಗಳೂ ಇವೆ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಈ ಬೀಜವನ್ನು ನಾರ್ವೆಯಲ್ಲಿ ಬೆಳೆಸಿದವರಲ್ಲಿ ಮೇಹೆಮ್ ತಂಡದ ಯೂರೊನಿಮಸ್ ಮತ್ತು ಥಾರ್ನ್ಸ್ ತಂಡದ ಸ್ನೊರ್ರೆ ರೂಖ್ ಮುಖ್ಯರು. ತಂತಿಗಳನ್ನು ತೆರೆದು ಮಿಡಿಸುತ್ತ, ಒಂದಕ್ಕೊಂದು ಒಗ್ಗದ ಸ್ವರಗಳನ್ನು ಒಟ್ಟಿಗೆ ನಿಲ್ಲಿಸುವ ಕ್ರಮ ಅವರ ಕೈಯಲ್ಲಿ ಒಂದು ಪದ್ಧತಿಯಾಯಿತು.

ಆ ಕಾಲದಲ್ಲಿ ಈ ಸಂಗೀತವಲಯದ ಕೆಲವರು ಎಸಗಿದ ಅಪರಾಧಗಳನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1992ರ ಜೂನ್ 6ರಂದು ಬರ್ಗೆನ್ ಬಳಿಯ ಫಾಂಟಾಫ್ಟ್‌ನ ಮರದ ಚರ್ಚು ಸುಟ್ಟು ಬೂದಿಯಾಯಿತು. ಅದು ಮೂಲತಃ ಹನ್ನೆರಡನೆಯ ಶತಮಾನದಲ್ಲಿ ಫಾರ್ಟೂನ್ ಎಂಬ ಹಳ್ಳಿಯಲ್ಲಿ ಕಟ್ಟಿದ್ದು; 1883ರಲ್ಲಿ ಬಿಚ್ಚಿ ತಂದು ಫಾಂಟಾಫ್ಟ್‌ನಲ್ಲಿ ಮತ್ತೆ ನಿಲ್ಲಿಸಿದ್ದರು. ಇನ್ನೂ ಹಲವು ಚರ್ಚುಗಳಿಗೆ ಬೆಂಕಿ ಬಿತ್ತು. ಲಿಲ್ಲೆಹಾಮರ್‌ನಲ್ಲಿ ಒಬ್ಬ ವ್ಯಕ್ತಿಯ ಕೊಲೆಯಾಯಿತು. 1993ರ ಆಗಸ್ಟಿನಲ್ಲಿ ಬರ್ಜಮ್ ಎಂಬ ಹೆಸರಿನಲ್ಲಿ ಸಂಗೀತ ರಚಿಸುತ್ತಿದ್ದ ವರ್ಗ್ ವಿಕರ್ನೆಸ್ ಯೂರೊನಿಮಸ್‌ನನ್ನು ಕೊಂದ; ಮರುವರ್ಷ ನ್ಯಾಯಾಲಯ ಕೊಲೆ ಮತ್ತು ಚರ್ಚುಗಳಿಗೆ ಬೆಂಕಿ ಇಟ್ಟ ಅಪರಾಧಗಳಿಗಾಗಿ ಅವನಿಗೆ 21 ವರ್ಷಗಳ ಸೆರೆವಾಸ ವಿಧಿಸಿತು. ಈ ಅಪರಾಧಗಳಿಗಾಗಿ ಶಿಕ್ಷೆಗೊಳಗಾದವರಲ್ಲಿ ಇಮ್ಮಾರ್ಟಲ್ ತಂಡದವರು ಯಾರೂ ಇಲ್ಲ. ಬ್ಲ್ಯಾಕ್ ಮೆಟಲ್ ಕುರಿತ ಹೆಚ್ಚಿನ ಬರಹಗಳು ಈ ಘಟನೆಗಳನ್ನೇ ರೋಚಕವಾಗಿ ಹೇಳುತ್ತ ಸಂಗೀತವನ್ನು ಹಿನ್ನೆಲೆಗೆ ತಳ್ಳುತ್ತವೆ. ಕೊಂದವರ ಹೆಸರು ಪ್ರಸಿದ್ಧವಾಗಿ, ಹೊಸ ಸ್ವರಸಂಯೋಜನೆ ಕಂಡುಹಿಡಿದವರ ಹೆಸರು ಅಡಿಟಿಪ್ಪಣಿಯಾಗುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅದರಿಂದಲೇ ಈ ಭಾಗವನ್ನು ಇಷ್ಟಕ್ಕೆ ನಿಲ್ಲಿಸುತ್ತೇನೆ.

ಬರ್ಗೆನ್‌ಗೆ ಬರೋಣ. ಈ ನಗರದಲ್ಲಿ ಸಂಗೀತಕಾರ ಎಡ್ವರ್ಡ್ ಗ್ರೀಗ್ ಹೆಸರಿನ ಗ್ರೀಗ್‌ಹಾಲನ್ ಎಂಬ ದೊಡ್ಡ ಸಭಾಂಗಣವಿದೆ, 1978ರಲ್ಲಿ ತೆರೆದದ್ದು. ಅಲ್ಲಿಯ ಸ್ಟುಡಿಯೊದಲ್ಲಿ ಪ್ಯುಟನ್ ಎಂಬ ಅಡ್ಡಹೆಸರಿನ ಐರಿಕ್ ಹುಂಡ್ವಿನ್ ಧ್ವನಿಮುದ್ರಣ ಮಾಡುತ್ತಿದ್ದರು. ಮೇಹೆಮ್, ಬರ್ಜಮ್, ಎಂಪರರ್ ತಂಡಗಳ ಹೆಸರಾಂತ ಆಲ್ಬಮ್ಮುಗಳ ಜೊತೆಗೆ ಇಮ್ಮಾರ್ಟಲ್‌ನ ಮೊದಲ ಮೂರು ಆಲ್ಬಮ್ಮುಗಳೂ ಅಲ್ಲಿ ಮುದ್ರಣಗೊಂಡವು: 1992ರ ‘ಡಯಬಾಲಿಕಲ್ ಫುಲ್‌ಮೂನ್ ಮಿಸ್ಟಿಸಿಸಮ್’, 1993ರ ‘ಪ್ಯೂರ್ ಹಾಲೊಕಾಸ್ಟ್’, 1995ರ ‘ಬ್ಯಾಟಲ್ಸ್ ಇನ್ ದ ನಾರ್ತ್’. ಗಿಟಾರ್ ನುಡಿಸುತ್ತಿದ್ದವನು ಡೆಮೊನಾಜ್, ಹಾಡುತ್ತ ಬೇಸ್ ಗಿಟಾರ್ ನುಡಿಸುತ್ತಿದ್ದವನು ಅಬ್ಬಾತ್. ಎರಡನೆಯ ಮತ್ತು ಮೂರನೆಯ ಆಲ್ಬಮ್ಮುಗಳಲ್ಲಿ ಡ್ರಮ್ಸ್ ಕೂಡ ಅಬ್ಬಾತ್‌ನದೇ. ಸಾಹಿತ್ಯ ಡೆಮೊನಾಜ್‌ನದು. ತಂಡದ ಸಾಹಿತ್ಯ ಬಹುಬೇಗ ಸೈತಾನನ ವಿಷಯವನ್ನು ಬಿಟ್ಟು ಹಿಮ, ಪರ್ವತ, ಚಳಿಗಾಲದ ಇರುಳು, ಯುದ್ಧಗಳ ಕಡೆಗೆ ತಿರುಗಿತು. ಬ್ಲಾಶಿರ್ಖ್ ಎಂಬ ಕಲ್ಪಿತ ಹಿಮರಾಜ್ಯವೊಂದು ಹುಟ್ಟಿಕೊಂಡಿತು. ಬರ್ಗೆನ್‌ನ ಹವೆಯನ್ನು ಬಲ್ಲವರಿಗೆ ಇಲ್ಲೊಂದು ಸೋಜಿಗವಿದೆ. ಸುತ್ತ ಬೆಟ್ಟಗಳಿದ್ದರೂ ಕರಾವಳಿಯ ಆ ಊರು ಹಿಮಕ್ಕಿಂತ ಮಳೆಗೆ ಹೆಸರಾದದ್ದು. ಅಷ್ಟು ಉತ್ತರದಲ್ಲಿದ್ದೂ ಸಮುದ್ರದ ಬೆಚ್ಚಗಿನ ಪ್ರವಾಹದಿಂದಾಗಿ ಅದರ ಚಳಿಗಾಲ ಸೌಮ್ಯವಾದದ್ದು. ಬ್ಲಾಶಿರ್ಖ್ ಬರ್ಗೆನ್‌ನ ಚಿತ್ರವಲ್ಲ. ಜಿನುಗುವ ಮಳೆಯ ಊರಿನಲ್ಲಿ ಕುಳಿತ ಹುಡುಗರು ಬೆಟ್ಟಗಳಾಚೆಗೆ ಕಲ್ಪಿಸಿಕೊಂಡ, ಎಂದೂ ಕರಗದ ಚಳಿಗಾಲ ಅದು.

1997ರಲ್ಲಿ ‘ಬ್ಲಿಜರ್ಡ್ ಬೀಸ್ಟ್ಸ್’ ಬಂದಿತು. ಹೋರ್ಗ್ ಎಂಬ ಡ್ರಮ್ಸ್ ವಾದಕ ಸೇರಿದ ಮೊದಲ ಆಲ್ಬಮ್ ಅದು. ಅದೇ ಕಾಲಕ್ಕೆ ಡೆಮೊನಾಜ್‌ನ ಕೈಯ ಸ್ನಾಯುರಜ್ಜುಗಳಿಗೆ ತೀವ್ರವಾದ ಉರಿಯೂತ ಬಂದು, ತನ್ನದೇ ಶೈಲಿಯ ವೇಗದಲ್ಲಿ ನುಡಿಸುವುದು ಅವನಿಗೆ ಅಸಾಧ್ಯವಾಯಿತು. ಸೆಕೆಂಡಿಗೆ ಹದಿಮೂರು ಮೀಟುಗಳ ಲೆಕ್ಕವನ್ನು ಆಗ ಹೇಳಿದ್ದು ಇದಕ್ಕಾಗಿಯೇ. ಈ ಸಂಗೀತ ವಾದಕನ ಮೈಯಿಂದ ಏನನ್ನು ಕೇಳುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಮುಂದೆ ನಡೆದದ್ದನ್ನು ಒಂದು ಪ್ರಯೋಗವೆಂದೇ ನೋಡಬಹುದು. ತಂಡ ಅದೇ, ಸಾಹಿತ್ಯ ಅದೇ ಡೆಮೊನಾಜ್‌ನದು, ದನಿ ಅದೇ ಅಬ್ಬಾತ್‌ನದು. ಬದಲಾದದ್ದು ಗಿಟಾರ್ ಹಿಡಿದ ಕೈ ಒಂದೇ. ಅಬ್ಬಾತ್ ಗಿಟಾರ್ ಕೈಗೆತ್ತಿಕೊಂಡ ಮೇಲೆ 1999ರಲ್ಲಿ ಬಂದ ‘ಅಟ್ ದ ಹಾರ್ಟ್ ಆಫ್ ವಿಂಟರ್’ನಲ್ಲಿ ಹಾಡುಗಳು ನೀಳವಾದವು, ಥ್ರ್ಯಾಶ್ ಮತ್ತು ಹಳೆಯ ಹೆವಿ ಮೆಟಲ್‌ನ ನಡೆಗಳು ಬಂದವು, ಅಂಗೈ ಮತ್ತೆ ತಂತಿಯ ಮೇಲೆ ಕುಳಿತಿತು. ಅದು ಅತ್ಯುತ್ತಮವಾದ ಆಲ್ಬಮ್; 2002ರ ‘ಸನ್ಸ್ ಆಫ್ ನಾರ್ದರ್ನ್ ಡಾರ್ಕ್‌ನೆಸ್’ ಕೂಡ ಹಾಗೆಯೇ. ಆದರೆ ಅವುಗಳ ಮೂಲದ್ರವ್ಯ ಬೇರೆ. 2003ರಲ್ಲಿ ತಂಡ ಚದುರಿತು, 2006ರಲ್ಲಿ ಮತ್ತೆ ಕೂಡಿತು, 2009ರಲ್ಲಿ ‘ಆಲ್ ಶಲ್ ಫಾಲ್’ ಬಂದಿತು. 2015ರಲ್ಲಿ ಅಬ್ಬಾತ್ ತಂಡದಿಂದ ಹೊರನಡೆದು ತನ್ನ ಹೆಸರಿನ ತಂಡವನ್ನೇ ಕಟ್ಟಿಕೊಂಡ. ಲೋಕಕ್ಕೆ ಇಮ್ಮಾರ್ಟಲ್ ಎಂದರೆ ಅಬ್ಬಾತ್‌ನ ಮುಖವಾಗಿತ್ತು. ಆ ಕಪ್ಪು-ಬಿಳುಪು ಬಣ್ಣ ಬಳಿದ ಮುಖ, ಆ ಕಪ್ಪೆಯಂತಹ ಒರಟು ದನಿ ಇಲ್ಲದೆ ಆ ಹೆಸರಿಗೆ ಅರ್ಥವಿಲ್ಲವೆಂದು ಬಹಳ ಕೇಳುಗರು ತೀರ್ಮಾನಿಸಿದ್ದರು. ಉಳಿದವರು ಇಬ್ಬರೇ: ಹೋರ್ಗ್, ಮತ್ತು ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಗಿಟಾರ್ ಹಿಡಿಯುವಂತಾಗಿದ್ದ ಡೆಮೊನಾಜ್. ಗಾಯನವನ್ನೂ ಡೆಮೊನಾಜನೇ ವಹಿಸಿಕೊಂಡ. ಬೇಸ್ ನುಡಿಸಿ, ಧ್ವನಿಮಿಶ್ರಣ ಮಾಡಿದವನು ಸ್ವೀಡನ್ನಿನ ಹಿಪೊಕ್ರಸಿ ತಂಡದ ಪೀಟರ್ ಟೆಗ್ಟ್‌ಗ್ರೆನ್. 1999ರ ಆಲ್ಬಮ್ಮನ್ನು ತನ್ನ ಅಬಿಸ್ ಸ್ಟುಡಿಯೊದಲ್ಲಿ ಮುದ್ರಿಸಿದ್ದವನೂ ಅವನೇ. ಹೀಗೆ 21 ವರ್ಷಗಳ ಬಳಿಕ ಡೆಮೊನಾಜ್‌ನ ಗಿಟಾರು ಇಮ್ಮಾರ್ಟಲ್ ಆಲ್ಬಮ್ಮೊಂದರಲ್ಲಿ ಕೇಳಿಸಿತು.

ಈಗ ಹಾಡುಗಳನ್ನು ಕೇಳೋಣ. ಆಲ್ಬಮ್ಮಿನ ಹೆಸರನ್ನೇ ಹೊತ್ತ ಮೊದಲ ಹಾಡಿಗೆ ಪೀಠಿಕೆ ಇಲ್ಲ. ಗಾಳಿಯ ಸದ್ದು, ಗಂಟೆ, ಕೀಬೋರ್ಡಿನ ಆಲಾಪ ಯಾವುದೂ ಇಲ್ಲದೆ, ಗಿಟಾರು ಮತ್ತು ಡ್ರಮ್ಸ್ ಪೂರ್ಣ ವೇಗದಲ್ಲಿಯೇ ಪ್ರವೇಶಿಸುತ್ತವೆ. ಕಾಲು ಶತಮಾನದ ಅನುಭವವಿರುವ ತಂಡವೊಂದು ಮರಳಿ ಬರುವಾಗ ವೈಭವದ ಪೀಠಿಕೆಯೊಂದನ್ನು ಕಟ್ಟುವುದು ಸಹಜವಿತ್ತು. ಅದನ್ನು ನಿರಾಕರಿಸಿದ್ದರಲ್ಲಿಯೇ ಆತ್ಮವಿಶ್ವಾಸವಿದೆ. ಮೊದಲ ರಿಫ್‌ನಲ್ಲಿ, ಅಂದರೆ ಮರುಕಳಿಸುವ ಗಿಟಾರ್ ಸ್ವರಮಾಲೆಯಲ್ಲಿ, ಬಲಗೈಯನ್ನು ಮಾತ್ರ ಗಮನಿಸಿ. ಮೀಟು ಎಲ್ಲಿಯೂ ತುಂಡಾಗುವುದಿಲ್ಲ. ಸ್ವರ ಬದಲಾಗುವ ಕ್ಷಣದಲ್ಲಿ ಕೂಡ ಉಸಿರು ಬಿಡದೆ ಮುಂದಿನ ಸ್ವರಕ್ಕೆ ಹರಿಯುತ್ತದೆ. ಹೋರ್ಗ್‌ನ ಡ್ರಮ್ಸ್ ಈ ಹರಿವಿನ ಕೆಳಗೆ ಬ್ಲಾಸ್ಟ್ ಬೀಟ್ ಎಂಬ ಅತಿವೇಗದ, ಎಡೆಬಿಡದ ಬಡಿತವನ್ನು ಇಟ್ಟು, ಆಮೇಲೆ ಥ್ರ್ಯಾಶ್ ಲಯಕ್ಕೆ ಜಾರುತ್ತದೆ. ಜಾರುವಾಗ ಗಿಟಾರಿನ ವೇಗ ತಗ್ಗದಿದ್ದರೂ ಹಾಡು ತಗ್ಗಿದಂತೆ ಕೇಳುತ್ತದೆ. ಈ ಉಪಾಯ ‘ಬ್ಯಾಟಲ್ಸ್ ಇನ್ ದ ನಾರ್ತ್’ನಲ್ಲಿಯೂ ಇತ್ತು, ಆದರೆ ಅಲ್ಲಿ ಡ್ರಮ್ಸ್ ಎಷ್ಟೋ ಕಡೆ ಲಯ ತಪ್ಪುವಂತೆ ಓಡುತ್ತಿತ್ತು. ಇಲ್ಲಿ ಹೋರ್ಗ್ ಅದನ್ನು ಸರಿಯಾದ ಅಳತೆಗೆ ತಂದಿದ್ದಾನೆ. ಅಳತೆ ಸರಿಯಾದ ಮೇಲೂ ಹಳೆಯ ಉನ್ಮಾದ ಉಳಿದಿದೆ ಎಂಬುದು ನನ್ನ ವಾದಕ್ಕೆ ಬಲ ಕೊಡುತ್ತದೆ: ಉನ್ಮಾದ ಹುಟ್ಟಿದ್ದು ತಪ್ಪುಗಳಿಂದಲ್ಲ.

‘ಇನ್‌ಟು ಬ್ಯಾಟಲ್ ರೈಡ್’ ಇದೇ ದಾರಿಯಲ್ಲಿ ಸಾಗುತ್ತದೆ. ಮೂರನೆಯದಾದ ‘ಗೇಟ್ಸ್ ಟು ಬ್ಲಾಶಿರ್ಖ್’ ಬಂದಾಗ ಆಲ್ಬಮ್ಮಿನ ಎರಡನೆಯ ಬಾಗಿಲು ತೆರೆಯುತ್ತದೆ. ಇದು ಮಧ್ಯಮ ವೇಗದ ಹಾಡು. ನಾನು ನೆನಪಿಡಲು ಹೇಳಿದ ಎರಡನೆಯ ಬಾಥೋರಿ ಇಲ್ಲಿದೆ: ದೊಡ್ಡ ಹೆಜ್ಜೆಗಳ ಲಯ, ಸಭೆಯಲ್ಲಿ ಹೇಳುವಂತಹ ಗಾಯನ. ವಿಕೃತಗೊಳಿಸದ, ಶುದ್ಧ ಗಿಟಾರಿನ ಸ್ವರಗಳು ನಡುವೆ ಬರುತ್ತವೆ. ಭಾರವಾದ ಗಿಟಾರು ಮರಳಿದಾಗ ಮೊದಲಿಗಿಂತ ಹೆಚ್ಚು ವಿಶಾಲವಾಗಿ ಕೇಳುತ್ತದೆ. ಆರನೆಯ ಹಾಡು ‘ವೇರ್ ಮೌಂಟನ್ಸ್ ರೈಜ್’ ಈ ನಿಧಾನವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ, ಮತ್ತು ನನ್ನ ಮಟ್ಟಿಗೆ ಗಾಯಕನಾಗಿ ಡೆಮೊನಾಜ್ ಗೆಲ್ಲುವುದು ಇಲ್ಲಿ. ಅವನ ದನಿ ಅಬ್ಬಾತ್‌ನ ದನಿಗಿಂತ ಒಣಗಿದ್ದು, ತೆಳುವಾದದ್ದು. ಅದರಲ್ಲಿ ನಾಟಕೀಯತೆ ಕಡಿಮೆ. ವೇಗದ ಹಾಡುಗಳಲ್ಲಿ ಅಬ್ಬಾತ್‌ನ ಅಭಾವ ಅಲ್ಲಲ್ಲಿ ಕಾಣುತ್ತದೆ. ಆದರೆ ಈ ಹಾಡಿನಲ್ಲಿ ಆ ಒಣ ದನಿ ಪ್ರತಿ ಮಾತನ್ನೂ ಬಿಡಿಸಿ ಉಚ್ಚರಿಸುವುದರಿಂದ, ತಾನು ಇಪ್ಪತ್ತೈದು ವರ್ಷ ಬೇರೆಯವನ ಬಾಯಿಗೆ ಬರೆದುಕೊಟ್ಟ ಲೋಕವನ್ನು ಕವಿ ತಾನೇ ಓದುತ್ತಿರುವ ಅನುಭವವಾಗುತ್ತದೆ.

ಕೊನೆಯ ಹಾಡು ‘ಮೈಟಿ ರೇವನ್‌ಡಾರ್ಕ್’ ಒಂಬತ್ತು ನಿಮಿಷ ಮೀರಿದ್ದು. ಇದರ ಶೀರ್ಷಿಕೆ 1995ರ ಆಲ್ಬಮ್ಮಿನ ಕೊನೆಯ ಹಾಡಿನ ಶೀರ್ಷಿಕೆಯಲ್ಲಿಯೇ ಇತ್ತು. ಅಲ್ಲಿ ‘ಬ್ಲಾಶಿರ್ಖ್’ ಪದದ ಪಕ್ಕದ ಆವರಣ ಚಿಹ್ನೆಯೊಳಗೆ ಕುಳಿತಿದ್ದ ಹೆಸರು ಈಗ ಹೊರಬಂದು ಒಂದು ಪೂರ್ಣ ಹಾಡಾಗಿದೆ. ಹಳೆಯದರ ಮರುನಿರ್ಮಾಣ ಇದಲ್ಲ. ಇಮ್ಮಾರ್ಟಲ್ ತನ್ನ ಎರಡು ಕಾಲಗಳಲ್ಲಿ ಕಲಿತದ್ದೆಲ್ಲ ಇಲ್ಲಿ ಒಂದಾಗಿದೆ: ಹಾಡನ್ನು ನೀಳವಾಗಿ ಕಟ್ಟುವ, ಮಧ್ಯದಲ್ಲಿ ಶಾಂತವಾದ ಗಿಟಾರಿನ ಭಾಗವೊಂದನ್ನು ಇರಿಸುವ, ಒಂದೇ ರಿಫ್ಫನ್ನು ಅದರ ತೂಕ ಪೂರ್ತಿ ಇಳಿಯುವವರೆಗೆ ನಿಲ್ಲಿಸುವ ಕೌಶಲ 1999ರ ನಂತರದ್ದು, ಆ ಕಟ್ಟಡದ ಒಳಗೆ ತುಂಬಿರುವ ಮಿಡಿಯುವ ತಂತಿ ಮಾತ್ರ ಮೊದಲ ಮೂರು ಆಲ್ಬಮ್ಮುಗಳದ್ದು. ಶೈಲಿಗೆ ನಿಷ್ಠರಾಗಿರುವುದೆಂದರೆ ನಂತರ ಕಲಿತದ್ದನ್ನು ಮರೆತಂತೆ ನಟಿಸುವುದಲ್ಲ ಎಂಬುದಕ್ಕೆ ಈ ಒಂದು ಹಾಡು ಸಾಕು.

ಕೊರತೆಗಳೂ ಇವೆ. ‘ಕಾಲ್ಡ್ ಟು ಐಸ್’ ಮತ್ತು ‘ಬ್ಲ್ಯಾಕರ್ ಆಫ್ ವರ್ಲ್ಡ್ಸ್’ ಹಾಡುಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಲು ಹಲವು ಬಾರಿ ಕೇಳಬೇಕಾಗುತ್ತದೆ. ಅವುಗಳಲ್ಲಿ ವೇಗ ಇದೆ, ಆದರೆ ಮೊದಲ ಹಾಡಿನ ರಿಫ್‌ನಂತೆ ಮನಸ್ಸಿನಲ್ಲಿ ಕೂರುವ ಸ್ವರಮಾಲೆ ಇಲ್ಲ. ಹಿಮ, ಕತ್ತಲೆ, ಪರ್ವತ, ಕಾಗೆ ಎಂಬ ಪದಗಳ ಚಕ್ರದೊಳಗೆ ಸಾಹಿತ್ಯ ಸುತ್ತುತ್ತದೆ. ಎರಡೂ ಕಾಲುಗಳಿಂದ ಬಡಿಯುವ ಡಬಲ್ ಬಾಸ್ ಡ್ರಮ್ಮಿನ ಸದ್ದು ನನ್ನ ಕಿವಿಗೆ ಅಗತ್ಯಕ್ಕಿಂತ ಚೊಕ್ಕಟವಾಗಿದೆ. ಗ್ರೀಗ್‌ಹಾಲನ್ನಿನ ಮುದ್ರಣಗಳಲ್ಲಿ ಡ್ರಮ್ಸ್ ಸುತ್ತ ಇರುತ್ತಿದ್ದ ಕೋಣೆಯ ಗುಂಗು ಇಲ್ಲಿ ಇಲ್ಲ. ಟೆಗ್ಟ್‌ಗ್ರೆನ್ ಮಾಡಿದ ಒಳ್ಳೆಯ ಕೆಲಸವೆಂದರೆ, ಗಿಟಾರಿನ ಮೇಲಿನ ಸ್ಥಾಯಿಯ ಚೂಪನ್ನು ಸವರಿ ಹಾಕದೆ ಉಳಿಸಿದ್ದು. ಆಧುನಿಕ ಮೆಟಲ್ ಮಿಶ್ರಣಗಳಲ್ಲಿ ಆ ಚೂಪನ್ನು ಕತ್ತರಿಸಿ ಕೆಳಸ್ಥಾಯಿಯ ಭಾರವನ್ನು ಹೆಚ್ಚಿಸುವುದು ರೂಢಿ. ಹಾಗೆ ಮಾಡಿದ್ದರೆ ಡೆಮೊನಾಜ್‌ನ ಮೀಟು ಕೆಳಗಿನ ಗುಡುಗಿನಲ್ಲಿ ಮುಳುಗಿಹೋಗುತ್ತಿತ್ತು.

ಹಳೆಯ ಸ್ಕ್ಯಾಂಡಿನೇವಿಯಾದ ಶೈಲಿಯನ್ನು ಇಂದು ಮುಂದುವರಿಸುತ್ತಿರುವವರು ಆ ನೆಲದವರಷ್ಟೇ ಅಲ್ಲ. ಕೆನಡಾದ ಮಾಂಟ್ರಿಯಲ್‌ನ ಸ್ಪೆಕ್ಟ್ರಲ್ ವೂಂಡ್ ತಂಡದ 2021ರ ‘ಎ ಡಯಬಾಲಿಕ್ ಥರ್ಸ್ಟ್’, ಅಮೆರಿಕದ ಲ್ಯಾಂಪ್ ಆಫ್ ಮರ್ಮರ್‌ನ 2023ರ ‘ಸ್ಯಾಟರ್ನಿಯನ್ ಬ್ಲಡ್‌ಸ್ಟಾರ್ಮ್’ ಎರಡೂ ಕೇಳಲೇಬೇಕಾದವು. ಎರಡನೆಯದರಲ್ಲಿ ಇಮ್ಮಾರ್ಟಲ್‌ನ ಪ್ರಭಾವ ಎದ್ದು ಕಾಣುತ್ತದೆ. ಬರ್ಗೆನ್‌ನ ಮಳೆಯನ್ನಾಗಲಿ ಬೆಟ್ಟವನ್ನಾಗಲಿ ಹಂಚಿಕೊಳ್ಳದ ಕೈಗಳಿಗೂ ಆ ಮೀಟು ಒಲಿದಿದೆ. ಶೈಲಿ ಭೂಗೋಳದಲ್ಲಿಯೂ ಬಂದಿಯಾಗಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಾಕ್ಷ್ಯ ಇಮ್ಮಾರ್ಟಲ್ ತಂಡದಿಂದಲೇ ಬಂದಿದೆ. 2023ರ ಮೇ ತಿಂಗಳಲ್ಲಿ ‘ವಾರ್ ಅಗೇನ್ಸ್ಟ್ ಆಲ್’ ಬಿಡುಗಡೆಯಾದಾಗ ಹೋರ್ಗ್ ಕೂಡ ಇರಲಿಲ್ಲ. ಡ್ರಮ್ಸ್ ಮತ್ತು ಬೇಸ್ ಹೊಸಬರ ಕೈಯಲ್ಲಿದ್ದವು. 2018ರ ಆಲ್ಬಮ್ಮಿನ ಗುಣ ಹೋರ್ಗ್‌ನ ಲಯದಿಂದ ಬಂದಿತ್ತೋ, ಟೆಗ್ಟ್‌ಗ್ರೆನ್ನನ ಬೇಸ್‌ನಿಂದ ಬಂದಿತ್ತೋ ಎಂದು ಸಂಶಯಪಡುವವರು ಈ ಎರಡು ಆಲ್ಬಮ್ಮುಗಳ ಶೀರ್ಷಿಕೆಗೀತೆಗಳನ್ನು ಒಂದರ ಹಿಂದೆ ಒಂದರಂತೆ ಕೇಳಬೇಕು. ಎರಡೂ ಆಯಾ ಆಲ್ಬಮ್ಮಿನ ಮೊದಲ ಹಾಡುಗಳೇ. ಡ್ರಮ್ಸ್ ಬದಲಾಗಿರುವುದು ಕೇಳುತ್ತದೆ, ಬೇಸ್ ಬದಲಾಗಿರುವುದೂ ಕೇಳುತ್ತದೆ. ಗಿಟಾರಿನ ಮೀಟು ಮಾತ್ರ ಹಿಂದಿನದೇ.